ಲೀಲಾಳ ಸಮವಸ್ತ್ರದ ಬಗ್ಗೆ ಬರೆ

ಮಾಟುಂಗಾ, ಮುಂಬಯಿ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಇಂದಿನ ಜನಪ್ರಿಯ ಚಿತ್ರಗಳ ನಾಯಕಿಯರನ್ನು ಎರಡು ಸಾಲು ಮಾಡಿ ನಿಲ್ಲಿಸಿದ್ದೀಯ: ಒಂದು ಕಡೆ ಗಟ್ಟಿಗಿತ್ತಿಯರು, ಇನ್ನೊಂದು ಕಡೆ ಗೊಂಬೆಗಳು. ಭಾಷೆ ಚೆನ್ನಾಗಿದೆ, ಸಿಟ್ಟೂ ಹದವಾಗಿದೆ. ಆದರೆ ಹೀಗೆ ಸಾಲು ಮಾಡುವುದಕ್ಕೆ ಚಿತ್ರವನ್ನೇ ನೋಡಬೇಕೆಂದಿಲ್ಲ, ಪೋಸ್ಟರ್ ನೋಡಿದರೂ ಸಾಕು. ಕೋವಿ ಹಿಡಿದವಳು ಈ ಕಡೆ, ನಾಯಕನ ತೋಳಿಗೆ ಒರಗಿದವಳು ಆ ಕಡೆ.

'ಕೆಜಿಎಫ್ ಚಾಪ್ಟರ್ 2'ರ (2022) ರಮಿಕಾ ಸೇನ್ ನಿನ್ನ ಮೊದಲ ಸಾಲಿನಲ್ಲಿ ಮೊದಲನೆಯವಳು. ದೇಶದ ಪ್ರಧಾನಿ, ಮೇಲೆ ರವೀನಾ ಟಂಡನ್ ಅವರ ಗತ್ತು. ಸರಿ. ಆದರೆ ಆಕೆ ದೇಶ ಆಳುವುದು ಎಲ್ಲಿ ಕಾಣುತ್ತದೆ? ಮೇಜಿನ ಮೇಲೆ ನಾಯಕ ರಾಕಿಯ ಕಡತವೊಂದೇ ಇದ್ದಂತಿದೆ. ನಾಯಕ ಎಷ್ಟು ದೊಡ್ಡವನೆಂದು ತೋರಿಸಲು ಪ್ರಧಾನಿಯನ್ನೇ ಎದುರಿಗೆ ತಂದಿದ್ದಾರೆ, ಅಷ್ಟೆ.

ನಾನಾದರೆ ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಈಕೆ ಏನು ಕೆಲಸ ಮಾಡುತ್ತಾಳೆ? ಕೈಗೆ ದುಡ್ಡು ಎಲ್ಲಿಂದ ಬರುತ್ತದೆ? ಆ ಕೆಲಸದಿಂದ ಕಥೆಯಲ್ಲಿ ಏನಾದರೂ ಆಗುತ್ತದೆಯೋ, ಇಲ್ಲವೇ ಎರಡನೆಯ ಹಾಡಿನ ಹೊತ್ತಿಗೆ ಅವಳಿಗೊಂದು ನೌಕರಿ ಇತ್ತೆಂಬುದನ್ನೇ ಎಲ್ಲರೂ ಮರೆಯುತ್ತಾರೋ? ಮುಂಬಯಿಯಲ್ಲಿ ಬೆಳೆದ ನಿನಗೆ ಇದು ತಾನಾಗಿಯೇ ಹೊಳೆಯಬೇಕಿತ್ತು. ಕೆಲಸಕ್ಕೆ ಹೋಗುವ ಹೆಂಗಸರಿಗೆಂದೇ 1992ರಿಂದ ಲೇಡೀಸ್ ಸ್ಪೆಷಲ್ ಲೋಕಲ್ ಓಡಿಸುತ್ತಿರುವ ಊರು ಇದು. ಲೇಟ್ ಮಾರ್ಕ್, ಮನೆ ಸಾಲದ ಕಂತು, ಅತ್ತೆಯ ಔಷಧಿ, ಎಲ್ಲವೂ ಅದರೊಳಗೆ ಮಾತಾಗುತ್ತದೆ. ತೆರೆಯ ಮೇಲಿನ ನಾಯಕಿಗೆ ಮಾತ್ರ ತಿಂಗಳ ಕೊನೆ ಬರುವುದೇ ಇಲ್ಲ.

'ಕಾಂತಾರ'ದ (2022) ಲೀಲಾಳನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀಯ. ನಾಯಕ ಶಿವ ಅವಳ ಸೊಂಟ ಚಿವುಟುವುದು ಖಂಡನೀಯ ಎಂದು. ಖಂಡನೀಯವೇ, ಬಹಳ ಜನ ಆಗಲೇ ಖಂಡಿಸಿದ್ದಾರೆ. ನೀನು ಬರೆಯಬೇಕಾದದ್ದು ಅವಳ ಸಮವಸ್ತ್ರದ ಬಗ್ಗೆ. ತರಬೇತಿ ಮುಗಿಸಿ ಅರಣ್ಯ ಇಲಾಖೆಯ ಗಾರ್ಡ್ ಆಗಿ ಅವಳು ತನ್ನ ಊರಿಗೇ ಬರುತ್ತಾಳೆ. ಊರಿಗೂ ಇಲಾಖೆಗೂ ಕಾಡಿನ ಗಡಿಯ ಜಗಳ. ಬೇಲಿ ಹಾಕಲು ಬಂದವರ ಜೊತೆ ಅವಳೂ ನಿಲ್ಲಬೇಕು. ಎದುರಿಗೆ ತನ್ನವರು, ತಾನು ಮೆಚ್ಚಿದವನು. ನೌಕರಿ ಬಿಟ್ಟರೆ ಸಂಬಳ ಹೋಯಿತು, ಬಿಡದಿದ್ದರೆ ಊರು ಹೋಯಿತು. ನಮ್ಮ ಜನಪ್ರಿಯ ಚಿತ್ರಗಳಲ್ಲಿ ಇಂಥ ಇಕ್ಕಟ್ಟು ಸಾಮಾನ್ಯವಾಗಿ ಗಂಡಸಿಗೆ ಮೀಸಲು. ಕರ್ತವ್ಯವೋ ಕುಟುಂಬವೋ ಎಂದು ಪೊಲೀಸ್ ವೇಷದಲ್ಲಿ ಕಣ್ಣೀರಿಟ್ಟ ನಾಯಕರು ಎಷ್ಟಿಲ್ಲ! ಇಲ್ಲಿ ಅದು ಒಬ್ಬ ಹಳ್ಳಿ ಹುಡುಗಿಗೆ ಸಿಕ್ಕಿತು. ಸಿಕ್ಕಿದ್ದನ್ನು ಚಿತ್ರ ಬೆಳೆಸಲಿಲ್ಲ. ಕಥೆ ಶಿವನ ಹಿಂದೆ, ದೈವದ ಹಿಂದೆ ಹೊರಟುಹೋಯಿತು. ಸಪ್ತಮಿ ಗೌಡ ಅವರ ಮುಖದಲ್ಲಿರುವ ಸಂಕಟಕ್ಕೆ ಸಂಭಾಷಣೆ ಬರೆದವರು ಮಾತು ಕೊಡಲಿಲ್ಲ. ಆ ಚಿತ್ರವನ್ನು ಇನ್ನೊಮ್ಮೆ ನೋಡು. ಲೀಲಾ ಸಮವಸ್ತ್ರದಲ್ಲಿರುವ ದೃಶ್ಯಗಳನ್ನಷ್ಟೇ ಗುರುತು ಹಾಕಿಕೊ: ಯಾರು ಅವಳೊಡನೆ ಮಾತನಾಡುತ್ತಾರೆ, ಯಾರು ಮುಖ ತಿರುಗಿಸುತ್ತಾರೆ, ಅವಳು ಯಾವಾಗ ಸುಮ್ಮನಾಗುತ್ತಾಳೆ.

'ಪುಷ್ಪ 2'ರಲ್ಲಿ (2024) ಶ್ರೀವಲ್ಲಿಗೆ ಸ್ಥಾನವೇ ಇಲ್ಲ ಎಂದಿದ್ದೀಯ. ಹಾಗಲ್ಲ. ಮುಖ್ಯಮಂತ್ರಿಯ ಜೊತೆ ಫೋಟೊ ತೆಗೆಸಿಕೊಂಡು ಬಾ ಎಂದು ಗಂಡನಿಗೆ ಹೇಳುವವಳು ಅವಳೇ. ಫೋಟೊ ಸಿಗದ ಅವಮಾನಕ್ಕೆ ಪುಷ್ಪರಾಜ್ ಮುಖ್ಯಮಂತ್ರಿಯನ್ನೇ ಬದಲಾಯಿಸಲು ಹೊರಡುತ್ತಾನೆ. ಆಸೆ ಅವಳದು, ತಿರುಗಾಟವೆಲ್ಲ ಅವನದು. ನಮ್ಮ ಕಟ್ಟಡದ ಹೆಂಗಸರು ಇದನ್ನು ಬಹಳ ಮೆಚ್ಚಿಕೊಂಡರು. ಅವರ ಮೆಚ್ಚುಗೆಯನ್ನು ದಡ್ಡತನವೆಂದು ತಳ್ಳಬೇಡ. ಮನೆಯಲ್ಲಿ ಒಂದು ಮಾತೂ ನಡೆಯದವರಿಗೆ, ಹೆಂಡತಿಯ ಮಾತಿಗೆ ಊರನ್ನೇ ಅಲ್ಲಾಡಿಸುವ ಗಂಡ ಸಣ್ಣ ಸಂಗತಿಯಲ್ಲ. ಅವರ ಜೊತೆ ಕೂತು ಕೇಳಿಕೊಂಡು ಬರೆ. 'ಅನಿಮಲ್' (2023) ಭಾಗವನ್ನು ಮಾತ್ರ ಪೂರ್ತಿ ಕಿತ್ತುಹಾಕು. ಬೈದದ್ದೂ ಆಯಿತು, ಹೊಗಳಿದ್ದೂ ಆಯಿತು.

ನೀನು ಬಿಟ್ಟಿರುವ ಒಬ್ಬ ನಟಿಯನ್ನು ಸೇರಿಸು: ಛಾಯಾ ಕದಂ. ಕಿರಣ್ ರಾವ್ ಅವರ 'ಲಾಪತಾ ಲೇಡೀಸ್'ನಲ್ಲಿ (2024) ರೈಲು ನಿಲ್ದಾಣದ ಚಹಾ ಅಂಗಡಿಯ ಮಂಜು ಮಾಯಿ ಅವರೇ. ದಾರಿ ತಪ್ಪಿ ಬಂದ ಮದುಮಗಳು ಫೂಲ್‌ಗೆ ಆಕೆ ಉಪದೇಶಕ್ಕಿಂತ ಹೆಚ್ಚಾಗಿ ಕೆಲಸ ಕೊಡುತ್ತಾಳೆ, ಕೆಲಸಕ್ಕೆ ದುಡ್ಡು ಕೊಡುತ್ತಾಳೆ. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾನ್ ಪ್ರಿ ಪ್ರಶಸ್ತಿ ಪಡೆದ ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್'ನಲ್ಲಿ ಅವರೇ ಆಸ್ಪತ್ರೆಯ ಅಡುಗೆಯವಳು ಪಾರ್ವತಿ. ವರ್ಷಗಟ್ಟಲೆ ಮುಂಬಯಿಯಲ್ಲಿ ದುಡಿದವಳಿಗೆ, ತಾನಿರುವ ಖೋಲಿ ತನ್ನದೆಂದು ಬಿಲ್ಡರನಿಗೆ ತೋರಿಸಲು ಒಂದು ಕಾಗದವಿಲ್ಲ. ಎರಡನೆಯದು ಜನಪ್ರಿಯ ಚಿತ್ರವಲ್ಲ ಎನ್ನುತ್ತೀಯ. ನಿಜ, ಆದರೂ ಪಕ್ಕದಲ್ಲಿಟ್ಟು ನೋಡು. ಮುಂಬಯಿಯ ಪರೇಲ್, ಲಾಲ್‌ಬಾಗ್‌ಗಳಲ್ಲಿ ಬೆಳೆದವರಿಗೆ ಪಾರ್ವತಿ ಗುರುತಿನವಳೇ.

ಕೊನೆಯ ಪುಟದಲ್ಲಿ 'ಹಿಂದಿನ ಕನ್ನಡ ಚಿತ್ರಗಳಲ್ಲಿ ಹೆಣ್ಣಿಗೆ ಗೌರವವಿತ್ತು' ಎಂದು ನಿಟ್ಟುಸಿರು ಬಿಟ್ಟಿದ್ದೀಯ. ನಿನ್ನ ವಯಸ್ಸಿಗೆ ಈ ನಿಟ್ಟುಸಿರು ಒಪ್ಪುವುದಿಲ್ಲ. 'ಶರಪಂಜರ'ದ (1971) ಕಾವೇರಿ ಕೊನೆಗೆ ಮತ್ತೆ ಹುಚ್ಚಿಯಾಗುತ್ತಾಳೆ. ಗಂಡನಿಗೆ ಏನೂ ಆಗುವುದಿಲ್ಲ. ಹೇಳಬೇಕಾದದ್ದು ಬೇರೆ ಇದೆ. ಆ ಕಾಲದ ಎಷ್ಟೋ ಜನಪ್ರಿಯ ಚಿತ್ರಗಳ ಮೂಲ ಹೆಂಗಸರು ಬರೆದ ಕಾದಂಬರಿಗಳು: ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ. ತ್ರಿವೇಣಿಯವರು 1963ರಲ್ಲೇ ತೀರಿಕೊಂಡಿದ್ದರು, ಅವರ 'ಬೆಳ್ಳಿಮೋಡ' ತೆರೆಗೆ ಬಂದದ್ದು 1967ರಲ್ಲಿ. ಅದರಲ್ಲಿ ನಾಯಕಿ ಇಂದಿರೆಯ ಮದುವೆ ಮುರಿಯುವುದು ಅವಳಿಗೊಬ್ಬ ತಮ್ಮ ಹುಟ್ಟಿದ್ದಕ್ಕೆ, ಅಂದರೆ ತೋಟದ ಆಸ್ತಿ ಅವಳ ಕೈತಪ್ಪಿದ್ದಕ್ಕೆ. ಮುಂದೆ ಮದುವೆ ಮುರಿದ ಹುಡುಗನೇ ಮನಸ್ಸು ಬದಲಿಸಿ ಕೇಳಿದಾಗ ಅವಳು ಒಲ್ಲೆ ಎನ್ನುತ್ತಾಳೆ. ದುಡ್ಡಿನ ಲೆಕ್ಕ ಪ್ರೇಮಕಥೆಯ ನಡುವೆಯೇ ಬಿಚ್ಚಿಕೊಂಡಿದೆ. ಇಂದಿನ ದೊಡ್ಡ ಚಿತ್ರಗಳ ಕಥೆ ಬರೆದವರು ಯಾರೆಂದು ಹೆಸರುಪಟ್ಟಿ ಓಡುವಾಗ ಎದ್ದು ಹೋಗದೆ ನೋಡು. ನಿನ್ನ ನಿಟ್ಟುಸಿರಿಗೆ ಅಲ್ಲಿ ಕಾರಣ ಸಿಕ್ಕೀತು.

ಇನ್ನೊಂದು, ಇದು ನನ್ನ ಹಳೆಯ ಕೊರಗು. ದೊಡ್ಡ ಕನ್ನಡ ಚಿತ್ರಗಳಿಗೆ ಮುಂಬಯಿ ಬೇಕಾಗುವುದು ಹುಡುಗನೊಬ್ಬ ಡಾನ್ ಆಗುವುದಕ್ಕೆ. ಕೆಜಿಎಫ್‌ನ ಹುಡುಗ ರಾಕಿಯಾದದ್ದೂ ಇಲ್ಲೇ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹೆಂಗಸರು, ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಟೀಚರುಗಳು, ರಾತ್ರಿ ಪಾಳಿಯ ನರ್ಸುಗಳು ಯಾವ ಚಿತ್ರಕ್ಕೂ ಬೇಡವಾದರು. ಇದನ್ನು ನೀನು ಈ ಲೇಖನಕ್ಕೆ ತುರುಕಬೇಡ, ಬೇರೆಯದಕ್ಕೆ ಇಟ್ಟುಕೊ.

ಈಗ ಮಾಡಬೇಕಾದದ್ದು: ಲೀಲಾ ಮೊದಲಿಗೆ ಬರಲಿ, ಪ್ರಧಾನಿಗೆ ಎರಡು ಸಾಲು ಸಾಕು. 'ಸ್ತ್ರೀ ಸಬಲೀಕರಣ' ಎಂಬ ಶೀರ್ಷಿಕೆ ತೆಗೆದುಬಿಡು, ಸರ್ಕಾರಿ ಸುತ್ತೋಲೆಯಂತಿದೆ. ತಿದ್ದಿದ ಪ್ರತಿಯನ್ನು ಭಾನುವಾರದೊಳಗೆ ಕಳಿಸು, ಅಕ್ಷರ ಸ್ವಲ್ಪ ದೊಡ್ಡದಿರಲಿ.

ನಿನ್ನ
ಅಕ್ಕ