ನಿಯತ್ತು ಎಲ್ಲಿ ಹೋಯ್ತು ಅಂತ ಕೇಳೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ಓದುಗರ ಪತ್ರಗಳಲ್ಲಿ ಒಬ್ರು ಹಿರಿಯರು ಬರ್ದಿದ್ರು, ಈಗಿನವರಿಗೆ ಕೆಲಸದಲ್ಲಿ ನಿಯತ್ತಿಲ್ಲ, ಪುಕ್ಕಟೆ ಸೇವೆ ಅಂದ್ರಂತೂ ಎರಡೇ ವಾರಕ್ಕೆ ನಾಪತ್ತೆ ಅಂತ. ನಾನು ಪೀಣ್ಯದ ಒಂದು ಫ್ಯಾಕ್ಟ್ರಿಲಿ 26 ವರ್ಷ, ಜನರನ್ನ ಕೆಲಸಕ್ಕೆ ಸೇರ್ಸ್ಕೊಳ್ಳೋ ಪರ್ಸನಲ್ ಸೆಕ್ಷನ್‌ನಲ್ಲಿ ಇದ್ದೋನು, ಅಂದ್ರೆ ಮಾತು ಕೊಡೋ ಕುರ್ಚಿಲಿ ಕೂತಿದ್ದೋನು, ಅದಕ್ಕೆ ಬರೀಲೇಬೇಕು ಅನ್ನಿಸ್ತು.

ಲೇತ್ ಸೆಕ್ಷನ್‌ನಲ್ಲಿ ಒಬ್ಬ ಹೆಲ್ಪರ್ ಇದ್ದ. ಸೈರನ್‌ಗೆ ಹತ್ತು ನಿಮಿಷ ಮುಂಚೆನೇ ಬಂದು ಮಷೀನ್ ಒರ್ಸಿ ಎಣ್ಣೆ ಬಿಟ್ಟು ರೆಡಿ ಇಡ್ತಿದ್ದ, ಯಾರೂ ಹೇಳಿರ್ಲಿಲ್ಲ. ಸೇರ್ಸ್ಕೊಳ್ಳೋವಾಗ ನಾನೇ ಬಾಯಿಮಾತಲ್ಲಿ ಹೇಳಿದ್ದೆ, ಮೂರು ವರ್ಷ ಚೆನ್ನಾಗಿ ಮಾಡಪ್ಪ, ಪರ್ಮನೆಂಟ್ ಆಗುತ್ತೆ ಅಂತ. ಮೂರು ವರ್ಷ ಆದ್ಮೇಲೆ ಅವನ ಹೆಸ್ರನ್ನ ಇನ್ನೊಬ್ಬ ಕಂಟ್ರಾಕ್ಟರ್ ಲಿಸ್ಟಿಗೆ ಹಾಕಿ ಮತ್ತೆ ಮೊದಲಿಂದ ಲೆಕ್ಕ ಶುರು ಮಾಡಿದ್ರು, ಆ ಪೇಪರಿಗೆ ಸಹಿ ಹಾಕಿಸಿಕೊಂಡಿದ್ದೂ ನಾನೇ. ಅವನು ಜಗಳ ಆಡ್ಲಿಲ್ಲ, ಯೂನಿಯನ್ ಹತ್ರ ಹೋಗ್ಲಿಲ್ಲ, ಒಂದಿನ ರಜಾನೂ ಜಾಸ್ತಿ ಹಾಕ್ಲಿಲ್ಲ. ಸೈರನ್‌ಗೆ ಸರಿಯಾಗಿ ಬರ್ತಿದ್ದ, ಸೈರನ್‌ಗೆ ಸರಿಯಾಗಿ ಹೋಗ್ತಿದ್ದ, ಎಣ್ಣೆ ಕ್ಯಾನ್ ಮುಟ್ಟೋದು ಬಿಟ್ಟ, ಪಕ್ಕದ ಮಷೀನ್ ಸೌಂಡ್ ಕೆಟ್ಟಿದ್ರೂ ಬಾಯಿ ಬಿಡ್ತಿರ್ಲಿಲ್ಲ. ಹಾಜರಿ ಪುಸ್ತಕ ನೋಡಿದ್ರೆ ಅವನಷ್ಟು ಶಿಸ್ತಿನ ಮನುಷ್ಯ ಇನ್ನೊಬ್ಬ ಇಲ್ಲ! ಸೂಪರ್‌ವೈಸರ್ ಮಾತ್ರ ಬಂದು ಹೇಳ್ತಿದ್ದ, ಸಾರ್ ಇವ್ನು ಸೋಮಾರಿ ಆಗೋದ ಅಂತ.

ಇಂಥ ಬಾಯಿಮಾತಿನ ನಂಬಿಕೆಗೆ ಓದ್ಕೊಂಡಿರೋರು ಸೈಕಲಾಜಿಕಲ್ ಕಾಂಟ್ರಾಕ್ಟ್ ಅಂತಾರೆ, 1989ರಲ್ಲಿ ಡೆನಿಸ್ ರೂಸೋ ಅನ್ನೋ ಅಮೆರಿಕದ ವಿದ್ವಾಂಸರು ಬಿಡಿಸಿ ಬರೆದ್ರು, ಆರ್ಡರ್ ಕಾಪಿಲಿ ಇಲ್ದೇ ಇದ್ರೂ ಕೆಲಸದವನ ಮನಸ್ಸಲ್ಲಿ ಇರೋ ಒಪ್ಪಂದ ಅಂತ. ನಮ್ಮ ಕಡೆ ಮಾತು ಅಂದ್ರೆ ಸಾಕು, ಅರ್ಥ ಆಗುತ್ತೆ.

ಎಲ್ರೂ ಸುಮ್ನಿರ್ತಾರೆ ಅಂತಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರದ ನರಸಾಪುರದಲ್ಲಿ ಆಗ ಐಫೋನ್ ಮಾಡ್ತಿದ್ದ ವಿಸ್ಟ್ರಾನ್ ಫ್ಯಾಕ್ಟ್ರಿ ಗಾಜು ಪುಡಿ ಆಯ್ತಲ್ಲ, 21 ಸಾವಿರ ಅಂತ ಸೇರ್ಸ್ಕೊಂಡ ಇಂಜಿನಿಯರಿಂಗ್ ಹುಡುಗ್ರಿಗೆ ಸಂಬಳ 16 ಆಗಿ ಆಮೇಲೆ 12ಕ್ಕೆ ಇಳಿದಿತ್ತು ಅಂತ ಆಗ ಪೇಪರಲ್ಲೇ ಬಂದಿತ್ತು. ಕಲ್ಲು ಹೊಡೆದಿದ್ದು ತಪ್ಪು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಕಂಪನಿನೇ ಸಂಬಳ ಕೊಡೋದ್ರಲ್ಲಿ ಎಡವಟ್ಟಾಗಿದೆ ಅಂತ ಒಪ್ಕೊಂಡು ಕ್ಷಮೆ ಕೇಳ್ತು, ಇಲ್ಲಿ ನೋಡ್ಕೊಳ್ತಿದ್ದ ವೈಸ್ ಪ್ರೆಸಿಡೆಂಟ್‌ನ ತೆಗೀತು.

ಇನ್ನು ಪುಕ್ಕಟೆ ಸೇವೆ ವಿಷಯ. ರಿಟೈರ್ ಆದ್ಮೇಲೆ ನಾನು ಒಂದು ಸಂಸ್ಥೆ ಜೊತೆ ಭಾನುವಾರ ಸರ್ಕಾರಿ ಶಾಲೆ ಮಕ್ಕಳಿಗೆ ಲೆಕ್ಕ ಹೇಳ್ಕೊಡೋಕೆ ಹೋಗ್ತಿದ್ದೆ. ಒಬ್ಬ ಡಿಪ್ಲೊಮಾ ಹುಡುಗ ಬರ್ತಿದ್ದ, ಜೇಬಿನ ತುಂಬ ಕಡ್ಲೆಕಾಯಿ, ಭಾಗಾಕಾರ ಹೇಳ್ಕೊಟ್ಟು ಆದ್ಮೇಲೆ ಶೇಷ ಉಳಿದ ಕಡ್ಲೆಕಾಯಿ ಯಾರಿಗೆ ಅಂತ ಮಕ್ಕಳಲ್ಲಿ ಜಗಳವೋ ಜಗಳ. ಅವನಿಗೆ ಬಸ್ ಚಾರ್ಜ್ ಕೊಡ್ಲಿಲ್ಲ, ಅವನು ಕೇಳೂ ಇಲ್ಲ. ಆದ್ರೆ ಮೂರನೇ ತಿಂಗಳಿಂದ ಪಾಠ ಅರ್ಧ ಗಂಟೆ, ಫೋಟೋ ಒಂದು ಗಂಟೆ, ಎಕ್ಸೆಲ್ ಶೀಟ್ ತುಂಬೋದು ಒಂದು ಗಂಟೆ, ಡೋನರ್ ಬರೋ ದಿನ ಮಕ್ಕಳನ್ನ ಸಾಲಾಗಿ ನಿಲ್ಸಿ ಇವನ ಕೈಗೆ ಬ್ಯಾನರ್. ಸಂಬಳ ಇದ್ದಿದ್ರೆ ಹಲ್ಲುಕಚ್ಚಿ ಇರ್ತಿದ್ದ ಅನ್ಸುತ್ತೆ, ಇಲ್ಲಿ ಕಟ್ಟಿ ಹಾಕೋಕೆ ಏನಿತ್ತು? ಊರಲ್ಲಿ ಫಂಕ್ಷನ್ ಸಾರ್ ಅಂತ ನಾಲ್ಕು ಭಾನುವಾರ ತಪ್ಪಿಸಿದ, ಆಮೇಲೆ ಒಂದಿನ ವಾಟ್ಸಾಪ್ ಗ್ರೂಪಿಂದ ಆಚೆ ಹೋದ. ಏಳನೇ ಕ್ಲಾಸಿನ ಒಬ್ಳು ಹುಡುಗಿ ಲೆಕ್ಕ ಬರ್ದೇ ಇದ್ರೆ ಈಗ್ಲೂ ಅವನಿಗೇ ಫೋನ್ ಮಾಡ್ತಾಳೆ, ಅವನು ಎತ್ತುತ್ತಾನೆ. ಕೋಆರ್ಡಿನೇಟರ್ ಫೋನ್ ಎತ್ತಲ್ಲ.

ಇದನ್ನ ನಮ್ಮ ಊರಿನ ಆಶಾ ಕಾರ್ಯಕರ್ತೆ ಹತ್ರನೂ ನೋಡಿದೀನಿ. 2005ರಿಂದ ಈ ಯೋಜನೆ ಇದೆ, ದುಡಿಮೆ ನೌಕರರದ್ದು, ಹೆಸರು ಮಾತ್ರ ಸ್ವಯಂಸೇವಕಿ, ಸಂಬಳಕ್ಕೆ ಗೌರವಧನ ಅನ್ಬೇಕು. 2025ರ ಜನವರಿ ಚಳಿಲಿ ಫ್ರೀಡಂ ಪಾರ್ಕಲ್ಲಿ ಸಾವಿರಾರು ಜನ ಹಗಲೂ ರಾತ್ರಿ ಕೂತ್ರು, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ ಹತ್ತು ಸಾವಿರ ಅಂತ ಮುಖ್ಯಮಂತ್ರಿಗಳ ಭರವಸೆ ಸಿಕ್ತು, ಎದ್ದು ಹೋದ್ರು. ಆಗಸ್ಟ್‌ನಲ್ಲಿ ಅದೇ ಮಾತಿಗೋಸ್ಕರ ಮತ್ತೆ ಧರಣಿ. ನಮ್ಮೂರಿನಾಕೆ ಈಗ ಹೊಸ ಸರ್ವೆ ಅಂದ್ರೆ ಮೊದಲು ಕೇಳೋದು ಇದಕ್ಕೆ ದುಡ್ಡೆಷ್ಟು ಅಂತ, ಮೀಟಿಂಗಿಗೆ ಕೊನೇ ಬೆಂಚು. ಆಕೆ ಬದಲಾಗಿಬಿಟ್ಳು ಅಂತ ಪಿಎಚ್‌ಸಿಲಿ ಗೊಣಗ್ತಾರಂತೆ. ಆದ್ರೆ ಮೊನ್ನೆ ರಾತ್ರಿ ಎರಡು ಗಂಟೆಗೆ ನಮ್ಮ ಬೀದಿ ಹುಡುಗಿಗೆ ನೋವು ಬಂದಾಗ 108 ಬರೋ ಮುಂಚೆ ತಾಯಿ ಕಾರ್ಡ್ ಹುಡುಕಿ ಕೈಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೋಳು ಅವ್ಳೇ.

ಅಂದ್ರೆ ಮುನಿಸು ಮಾತು ತಪ್ಪಿದೋರ ಮೇಲೆ, ಕೆಲಸದ ಮೇಲಲ್ಲ. ಪತ್ರ ಬರೆದ ಹಿರಿಯರು ಒಂದ್ಸಲ ಆ ಕಡೆನೂ ನೋಡ್ಲಿ.

ಅಂದಹಾಗೆ ನಾನು ಹೇಳಿದ ಆ ಸಂಸ್ಥೆ ಈಗ ಮತ್ತೆ ಸ್ವಯಂಸೇವಕರು ಬೇಕಾಗಿದ್ದಾರೆ ಅಂತ ಪೋಸ್ಟರ್ ಅಂಟಿಸಿದೆ. ಅದ್ರಲ್ಲಿರೋ ಫೋಟೋದಲ್ಲಿ ಬ್ಯಾನರಿನ ಎಡಗಡೆ ತುದಿ ಹಿಡ್ಕೊಂಡು ನಿಂತಿರೋದು ಅದೇ ಕಡ್ಲೆಕಾಯಿ ಹುಡುಗ.

ಇತಿ,
ಒಬ್ಬ ನಿವೃತ್ತ ಪರ್ಸನಲ್ ಆಫೀಸರ್, ಬೆಂಗಳೂರು