ವಿಂಬಲ್ಡನ್ ಮೊದಲ ಸುತ್ತು: ಅಂದಾಜು ಕಳಿಸೋ ಮುಂಚೆ ಓದ್ರಿ

ಕಲಬುರಗಿ ಟೆನಿಸ್ ಗೆಳೆಯರಿಗೆ ನಮಸ್ಕಾರ್ರಿ. ದೊಡ್ಡ ಕೋರ್ಟುಗಳನ್ನ ಬಿಟ್ಟು ಉಳಿದ ಹೊರ ಕೋರ್ಟಿನ ಆಟ ನಮ್ಮ ಟೈಮ್ ಮಧ್ಯಾಹ್ನ 3:30ಕ್ಕೇ ಶುರು. ಯಾರು ಗೆಲ್ತಾರ ಅನ್ನೋ ನಮ್ಮ ಸ್ಪರ್ಧೆಯ ಅಂದಾಜು 3 ಗಂಟೆಯೊಳಗ ಹಾಕ್ರಿ, ಸೆಟ್ ಲೆಕ್ಕದ ಸಮೇತ. ಗಂಡಸರ ಆಟಕ್ಕ 2-1 ಅಂತ ಬರೆದರ ಅಂಕ ಇಲ್ಲ. ಅಲ್ಲಿ 3 ಸೆಟ್ ಗೆಲ್ಲಬೇಕು.

ಬರೀ ರ್‍ಯಾಂಕಿಂಗ್ ನೋಡಿ ಬರೀಬ್ಯಾಡ್ರಿ. ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಹಾರ್ಡ್ ಕೋರ್ಟಿನಾಗ ಚೆಂಡು ಮ್ಯಾಲ ಏಳ್ತದ. ವಿಂಬಲ್ಡನ್‌ನ ಹುಲ್ಲಿನ ಮ್ಯಾಲ ಜಾರಿ ಕೆಳಗೇ ಉಳೀತದ. ಮಣ್ಣಿನ ಕೋರ್ಟಿನಾಗ ಟಾಪ್‌ಸ್ಪಿನ್‌ನಿಂದ (ಚೆಂಡು ಮುಂದಕ್ಕ ತಿರುಗಿ ಎತ್ತರಕ್ಕ ಪುಟಿಯೋ ಹೊಡೆತ) ಗೆದ್ದು ಬಂದವರು ಇಲ್ಲಿ ಎಡವೋದು ಇದಕ್ಕ. ಮೊದಲ ದಿನಗಳಾಗ ಹುಲ್ಲು ಹಸಿರಾಗಿ ಇನ್ನೂ ಹೆಚ್ಚು ಜಾರ್ತದ. ವಿಂಬಲ್ಡನ್‌ಗಿಂತ ಮುಂಚೆ ಹುಲ್ಲಿನ ಮ್ಯಾಲ ನಡೆಯೋ ಹಾಲೆ, ಕ್ವೀನ್ಸ್ ಟೂರ್ನಿಗಳ ಫಲಿತಾಂಶ ನೋಡ್ರಿ, ಎರಡನೇ ಸರ್ವ್‌ನಾಗ ಎಷ್ಟು ಪಾಯಿಂಟ್ ಗೆದ್ದಾರ ಅನ್ನೋದಂತೂ ಬಿಡಬ್ಯಾಡ್ರಿ. ಇಬ್ಬರದೂ ಸರ್ವ್ ಗಟ್ಟಿ ಇದ್ದರ ಟೈಬ್ರೇಕ್ (6-6 ಆದಾಗ ಸೆಟ್ ತೀರ್ಮಾನಿಸೋ ಆಟ) ಗ್ಯಾರಂಟಿ ಅಂತ ತಿಳೀರಿ, 3-0 ಬರೆಯೋದು ಅಪಾಯ. ಕೊನೇ ಸೆಟ್ 6-6 ಆದರ 2022ರಿಂದ 10 ಪಾಯಿಂಟಿನ ಟೈಬ್ರೇಕ್.