ಮಗುವಿನ ಮಾತನ್ನು ಕಾಪಾಡಿದವರಿಗೆ

ಮಂಗಳೂರಿನಲ್ಲಿ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣಗಳ ಮಕ್ಕಳಿಗೆ, ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಜೊತೆಗಿರುವ ಬೆಂಬಲ ವ್ಯಕ್ತಿಯಾಗಿ ಎಂಟು ವರ್ಷ ಕೆಲಸ ಮಾಡಿ, ಈ ತಿಂಗಳು ಆ ಹೊಣೆಯನ್ನು ಕಿರಿಯರೊಬ್ಬರಿಗೆ ಒಪ್ಪಿಸಿದ್ದೇನೆ. ಋಣ ಸ್ಮರಿಸದೆ ಹೊರಡಲು ಮನಸ್ಸು ಒಪ್ಪುತ್ತಿಲ್ಲ. ಆದರೆ ಈ ಬರಹದಲ್ಲಿ ಯಾರ ಹೆಸರೂ, ಊರೂ, ಶಾಲೆಯೂ ಇರುವುದಿಲ್ಲ. ಮಗುವಿನ ಗುರುತು ಬಯಲಾಗಬಾರದೆಂದು ಕಾನೂನು ಹೇಳುತ್ತದೆ; ಪರೋಕ್ಷವಾಗಿ ಗುರುತು ಸಿಗುವ ವಿವರವೂ ಹೊರಬರಕೂಡದೆಂದು 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಮ್ಮ ಕಡೆ ಬಸ್ ನಿಲ್ಲುವ ಜಾಗದ ಹೆಸರು ಹೇಳಿದರೂ ಮನೆ ಯಾವುದೆಂದು ಜನರಿಗೆ ತಿಳಿದುಬಿಡುತ್ತದೆ.

ಮೊದಲ ನಮಸ್ಕಾರ, ಸಮವಸ್ತ್ರ ಧರಿಸದೆ ಮನೆಗೇ ಬಂದು, ಚಾವಡಿಯಲ್ಲಿ ಕುಳಿತು, ಮಗು ಆಡಿದ ಪದವನ್ನೇ ಬರೆದುಕೊಂಡ ಮಹಿಳಾ ಪೊಲೀಸ್ ಅಧಿಕಾರಿಗಳಿಗೆ. ಇದು ಎಷ್ಟು ದೊಡ್ಡ ಉಪಕಾರವೆಂಬುದು ವಿಚಾರಣೆಯ ದಿನ ಅರ್ಥವಾಗುತ್ತದೆ. ಪೊಲೀಸರ ಮುಂದಿನ ಹೇಳಿಕೆ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ನ್ಯಾಯಾಲಯದ ಸಾಕ್ಷ್ಯ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಾಗುತ್ತದೆ. ಮೊದಲ ಹೇಳಿಕೆಯಲ್ಲಿ ಬರೆದವರು ತಮ್ಮ ಕಾನೂನಿನ ಪದವೊಂದನ್ನು ಮಗುವಿನ ಬಾಯಿಗೆ ಹಾಕಿದ್ದರೆ, ಆ ಪದದ ಅರ್ಥವೇ ಗೊತ್ತಿಲ್ಲದ ಮಗು ಎಷ್ಟೋ ಕಾಲದ ನಂತರ ಪಾಟೀಸವಾಲಿನಲ್ಲಿ, ಅಂದರೆ ಆರೋಪಿ ಪರ ವಕೀಲರ ಮರುಪ್ರಶ್ನೆಗಳಲ್ಲಿ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಹಾಗಾದದ್ದನ್ನೂ ನಾನು ಕಂಡಿದ್ದೇನೆ, ಮತ್ತು ಆ ಸಂಕಟವನ್ನು ಇನ್ನೂ ಮರೆತಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಭಾಷೆಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕಡತ ಕನ್ನಡದಲ್ಲಿರುತ್ತದೆ, ಮಗು ಯೋಚಿಸುವುದು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ. ತುಳು ಮಗು ‘ಮುರಾನಿ’ ಎಂದರೆ ಮೊನ್ನೆಯೂ ಆಗಬಹುದು, ಯಾವತ್ತೋ ಒಂದು ದಿನವೂ ಆಗಬಹುದು. ಅದನ್ನು ‘ಎರಡು ದಿನಗಳ ಹಿಂದೆ’ ಎಂದು ಬರೆದುಬಿಟ್ಟರೆ, ಸತ್ಯವನ್ನೇ ಹೇಳಿದ ಮಗು ದಿನಾಂಕದ ವಿಷಯದಲ್ಲಿ ಸುಳ್ಳು ಹೇಳಿದಂತೆ ಕಾಣುತ್ತದೆ. ಅಗತ್ಯವಿದ್ದಲ್ಲಿ ಭಾಷಾಂತರಕಾರರ ನೆರವು ಪಡೆಯಲು ಪೋಕ್ಸೊ ಕಾಯ್ದೆಯ 38ನೇ ಕಲಂ ಅವಕಾಶ ಕೊಟ್ಟಿದೆ. ನ್ಯಾಯಪೀಠದ ಬದಿಯಲ್ಲಿ ನಿಂತು, ಒಂದು ಪದವನ್ನೂ ಸುಂದರಗೊಳಿಸದೆ, ಮೃದುಗೊಳಿಸದೆ, ಅನುಮಾನ ಬಂದಾಗ ‘ಈ ಪದಕ್ಕೆ ಎರಡು ಅರ್ಥವಿದೆ ಸ್ವಾಮಿ’ ಎಂದು ಧೈರ್ಯವಾಗಿ ಹೇಳಿದ ಭಾಷಾಂತರಕಾರರಿಗೆ ನಾನು ಚಿರಋಣಿ. ದಿನಾಂಕ ಕೇಳುವುದನ್ನು ಬಿಟ್ಟು ‘ಮೊಸರುಕುಡಿಕೆ ಹಬ್ಬಕ್ಕೆ ಮೊದಲೋ, ಆಮೇಲೋ’ ಎಂದು ಮಗುವಿನ ಪಂಚಾಂಗದಲ್ಲಿಯೇ ಕೇಳಿದ ನ್ಯಾಯಾಧೀಶರಿಗೂ ಅಷ್ಟೇ ಋಣಿ.

ವಿಶೇಷ ನ್ಯಾಯಾಲಯದಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಕೇಳಬೇಕು. ಮಗುವಿನ ಕಣ್ಣಿಗೆ ಆರೋಪಿ ಬೀಳದಂತೆ ಪರದೆಯೋ ವಿಡಿಯೊ ವ್ಯವಸ್ಥೆಯೋ ಇರಬೇಕು. ಬಾಗಿಲು ಮುಚ್ಚಿರಬೇಕು. ಕಾಗದದ ಮೇಲಿರುವ ಇವೆಲ್ಲ ಜೀವ ಪಡೆಯುವುದು, ಮಗುವಿನ ತುಟಿ ಒಣಗಿದ್ದನ್ನು ಗಮನಿಸಿ ವಿಚಾರಣೆಯನ್ನು ಹತ್ತು ನಿಮಿಷ ನಿಲ್ಲಿಸುವ ಮನುಷ್ಯರಿಂದ. ಆರೋಪಿ ಪರ ವಕೀಲರಲ್ಲಿ ಕೆಲವರನ್ನು ನಾನು ವಿಶೇಷವಾಗಿ ನೆನೆಯುತ್ತೇನೆ: ತಮ್ಮ ಕಕ್ಷಿದಾರನ ಪರವಾಗಿ ಕೇಳಬೇಕಾದುದೆಲ್ಲವನ್ನೂ ಕೇಳಿಸಿದರು, ಮಗುವಿನ ಮಾನಕ್ಕೆ ಕುಂದು ತರುವ ಒಂದೇ ಒಂದು ಪ್ರಶ್ನೆಯನ್ನೂ ಕೊಡಲಿಲ್ಲ. ಅಂಥ ಪಾಟೀಸವಾಲನ್ನು ದಾಟಿ ಬಂದ ಸಾಕ್ಷ್ಯವೇ ಮೇಲ್ಮನವಿಯಲ್ಲಿಯೂ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಹಳೆಯ ದಾಖಲಾತಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದು, ಇಡೀ ದಿನ ಕಾದು ಸಾಕ್ಷ್ಯ ನುಡಿದ ಮುಖ್ಯೋಪಾಧ್ಯಾಯರೊಬ್ಬರಿಗೆ ಏನು ಹೇಳಲಿ? ವಯಸ್ಸು ಹದಿನೆಂಟಕ್ಕಿಂತ ಕಡಿಮೆ ಎಂಬುದು ಸಾಬೀತಾಗದಿದ್ದರೆ ಪೋಕ್ಸೊ ಅನ್ವಯಿಸುವುದೇ ಇಲ್ಲ, ಮತ್ತು ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ ಇಲ್ಲದಾಗ ಮಾತ್ರ ವೈದ್ಯಕೀಯ ವಯಸ್ಸಿನ ಪರೀಕ್ಷೆಗೆ ಹೋಗಬೇಕೆಂಬುದು ನಿಯಮ. ಹಾಗೆಯೇ, ಗಾಯ ಕಾಣಿಸದಿರುವುದು ಕೃತ್ಯ ನಡೆದಿಲ್ಲ ಎಂಬುದಕ್ಕೆ ಪುರಾವೆಯಲ್ಲ ಎಂದು ವರದಿಯಲ್ಲಿ ಬರೆದು, ಅದನ್ನೇ ಕಟಕಟೆಯಲ್ಲಿಯೂ ತಾಳ್ಮೆಯಿಂದ ವಿವರಿಸಿದ ವೈದ್ಯೆಯರು ಎಷ್ಟೋ ಪ್ರಕರಣಗಳನ್ನು ಉಳಿಸಿದ್ದಾರೆ. ನಂಬಿಕೆಗೆ ಅರ್ಹವಾಗಿದ್ದರೆ ಸಂತ್ರಸ್ತೆಯ ಒಂದೇ ಸಾಕ್ಷ್ಯದ ಮೇಲೂ ಶಿಕ್ಷೆ ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪೋಕ್ಸೊ ಕಾಯ್ದೆಯ 29ನೇ ಕಲಂ ಆರೋಪಿಯೇ ಕೃತ್ಯ ಎಸಗಿದ್ದಾನೆಂಬ ಪೂರ್ವಭಾವನೆಯನ್ನು ಕಲ್ಪಿಸಿದ್ದರೂ ಮೂಲ ಸಂಗತಿಗಳನ್ನು ಸ್ಥಾಪಿಸುವ ಭಾರ ಸರ್ಕಾರಿ ಅಭಿಯೋಜಕರ ಮೇಲೆಯೇ ಇರುತ್ತದೆ. ಆ ಭಾರವನ್ನು ಇವರೆಲ್ಲ ಹಂಚಿಕೊಂಡು ಹೊತ್ತರು.

ಎಲ್ಲ ಪ್ರಕರಣಗಳಲ್ಲೂ ಶಿಕ್ಷೆಯಾಗಲಿಲ್ಲ. ಆರೋಪಿ ಮನೆಯವನೇ ಆಗಿದ್ದಾಗ, ಅನ್ನ ಹಾಕುವವನೇ ಆಗಿದ್ದಾಗ, ಸಾಕ್ಷಿಗಳು ಪ್ರತಿಕೂಲವಾಗಿ ನುಡಿದದ್ದುಂಟು. ಅವರನ್ನು ದೂರುವ ಹಕ್ಕು ನನಗಿಲ್ಲ. ಬೀಡಿ ಕಟ್ಟಿ ಸಂಸಾರ ತೂಗಿಸುತ್ತಲೇ, ಬಂಧುಗಳ ಮಾತು ನಿಂತುಹೋದರೂ, ಹೇಳಿದ ಮಾತಿಗೆ ನಿಂತ ತಾಯಂದಿರಿಗೆ ಮಾತ್ರ ತಲೆಬಾಗುತ್ತೇನೆ. ಆರೋಪಿ ಖುಲಾಸೆಯಾದರೂ ಮಗುವಿಗೆ ಪರಿಹಾರ ಕೊಡಲು 2020ರ ಪೋಕ್ಸೊ ನಿಯಮಗಳಲ್ಲಿ ಅವಕಾಶವಿದೆಯೆಂದು ನನಗೆ ತಿಳಿಸಿಕೊಟ್ಟು, ಅರ್ಜಿ ಬರೆಯಲು ನೆರವಾದ ಕಾನೂನು ಸೇವಾ ಪ್ರಾಧಿಕಾರದ ಸಿಬ್ಬಂದಿಯನ್ನೂ ಮರೆಯಲಾರೆ.

ಪೋಕ್ಸೊ ಕಾಯ್ದೆಯ 2019ರ ತಿದ್ದುಪಡಿಯ ನಂತರ ಶಿಕ್ಷೆ ಹೆಚ್ಚಾಗಿದೆ. ಹದಿನಾರಕ್ಕಿಂತ ಕೆಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ. ತೀರ್ಪು ಹೊರಬಿದ್ದ ದಿನ ಮನೆಗೆ ಫೋನ್ ಮಾಡಿ ತಿಳಿಸುವುದು ನನ್ನ ಕೆಲಸವಾಗಿತ್ತು. ಒಬ್ಬ ತಾಯಿ ವರ್ಷಗಳ ಸಂಖ್ಯೆಯನ್ನು ಮೌನವಾಗಿ ಕೇಳಿಸಿಕೊಂಡು, ‘ಅವಳು ಈಗ ಶಾಲೆಯಲ್ಲಿದ್ದಾಳೆ ಅಕ್ಕ, ಬಂದ ಮೇಲೆ ಹೇಳ್ತೇನೆ’ ಎಂದರು. ಅಷ್ಟೂ ಕಾಲ ಆ ಮಗುವನ್ನು ಏನೊಂದೂ ಕೇಳದೆ, ಅದೇ ಬೆಂಚಿನಲ್ಲಿ ಕೂರಿಸಿಕೊಂಡು ಪಾಠ ಹೇಳಿದ ಶಿಕ್ಷಕಿಯರಿಗೆ ನನ್ನ ನಮಸ್ಕಾರಗಳು.